ಮಗ್ಗ ನಿಂತ ಓಣಿಯಲ್ಲಿ ಜನರೇಟರ್: ವಡಗಾವಿಯ ಒಂದು ಮನೆಯ ಪ್ರಕರಣ

ವಡಗಾವಿಯಲ್ಲಿ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬೆಳಗಾವಿಯ ಈ ಭಾಗ ನೇಕಾರರದ್ದು. ಬೆಳಗಾದರೆ ಸಾಕು, ಪವರ್‌ಲೂಮ್‌ಗಳ ಖಟಾ ಖಟ್ ಶುರು. ಕರೆಂಟ್ ಹೋದ ಕೂಡಲೇ ಓಣಿಯ ಅಷ್ಟೂ ಮಗ್ಗ ಒಟ್ಟಿಗೆ ನಿಲ್ಲುತ್ತವೆ. ಆಮೇಲೆ ಮೂರನೇ ಮನೆಯ ಕುಕ್ಕರ್ ಸೀಟಿ ಹೊಡೆದರೂ ನಮ್ಮ ಮನೆಯದೇ ಅನಿಸುತ್ತದೆ. ಜನರೇಟರ್ ಹಚ್ಚಬೇಕಾಗುವುದು ಸರಿಯಾಗಿ ಇಂಥ ಹೊತ್ತಿನಲ್ಲೇ.

ನಾನು ಮನೆ ವೈರಿಂಗ್ ಮಾಡುವವನು. ಇನ್ವರ್ಟರ್ ಕೂರಿಸುತ್ತೇನೆ, ಬ್ಯಾಟರಿ ಬದಲಿಸುತ್ತೇನೆ. ಜನರೇಟರ್ ಮಾರುವುದಿಲ್ಲ, ಹಾಗಾಗಿ ಯಾವ ಕಂಪನಿಯ ಪರ ಮಾತಾಡುವ ಗರಜು ನನಗಿಲ್ಲ. ಈ ಮನೆಯವರು ನನ್ನನ್ನು ಕರೆದದ್ದು ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು. ಯಜಮಾನರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಶಿಫ್ಟ್ ಕೆಲಸದವರು. ಮನೆಯಲ್ಲಿ ಹೆಂಡತಿ, ಪಿಯುಸಿ ಓದುವ ಮಗಳು, ಎಪ್ಪತ್ತು ದಾಟಿದ ತಾಯಿ. ಅವ್ವನಿಗೆ ಶ್ವಾಸಕೋಶದ ತೊಂದರೆ. ಡಾಕ್ಟರು ಹೇಳಿದ ಮೇಲೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್, ನಿಮಿಷಕ್ಕೆ ಐದು ಲೀಟರಿನದು, ಮನೆಗೆ ಬಂದಿತ್ತು. ರಾತ್ರಿಯಿಡೀ ಅದು ನಡೆಯಬೇಕು.

ಬೆಳಗಾವಿಯ ಮಳೆಗಾಲ ಗೊತ್ತಲ್ವಾ. ಪಶ್ಚಿಮ ಘಟ್ಟ ಹತ್ತಿರ, ಗಾಳಿ ಜೋರು, ಮರ ಜಾಸ್ತಿ. ಒಂದು ಟೊಂಗೆ ತಂತಿ ಮೇಲೆ ಬಿದ್ದರೆ ಕರೆಂಟ್ ಬರಲು ಅರ್ಧ ತಾಸೂ ಆಗಬಹುದು, ಅರ್ಧ ದಿನವೂ ಆಗಬಹುದು. ಹಿಂದಿನ ವರ್ಷ ಒಂದು ರಾತ್ರಿ ಅವರ ಇನ್ವರ್ಟರ್ ಒಂದೂವರೆ ತಾಸಿಗೆ ಕೂಗಿಕೊಂಡು ಆಫ್ ಆಗಿತ್ತು. ಆ ರಾತ್ರಿ ಹೇಗೆ ಕಳೆಯಿತು ಅಂತ ನಾನು ಕೇಳಿದೆ. ಅವರು ಹೇಳಲಿಲ್ಲ, ಅವರ ಹೆಂಡತಿಯೂ ಹೇಳಲಿಲ್ಲ.

"ಐದು ಕೆವಿಎದ್ದು ಒಂದು ಹೇಳ್ರಿ, ಆದ್ರ ಸದ್ದು ಬರಬಾರದು" ಎಂದರು ಯಜಮಾನರು. ಕೆವಿಎ ಅಂದರೆ ಜನರೇಟರ್ ಎಷ್ಟು ಲೋಡ್ ಹೊರಬಲ್ಲದು ಅನ್ನುವ ಅಳತೆ, ಒಂದು ಕೆವಿಎ ಹೆಚ್ಚುಕಮ್ಮಿ ಸಾವಿರ ವಾಟ್. ಇಡೀ ದಿನ ಫೌಂಡ್ರಿಯಲ್ಲಿರುವ ಮನುಷ್ಯನಿಗೆ ಸದ್ದು ಅಂದರೆ ಏನು ಅಂತ ಗೊತ್ತಿರಲೇಬೇಕು. ಆದರೂ ಆ ಎರಡು ಮಾತು ಒಂದೇ ವಾಕ್ಯದಲ್ಲಿ ಬಂದುಬಿಟ್ಟಿದ್ದವು.

ನಾನು ಮೊದಲು ಹೇಳಿದ್ದು ಜನರೇಟರ್ ಬಗ್ಗೆ ಅಲ್ಲ, ಸಿಲಿಂಡರ್ ಬಗ್ಗೆ. ಉಸಿರಿಗೆ ಬೇಕಾದ ಯಂತ್ರವನ್ನು ಪೆಟ್ರೋಲ್ ಎಂಜಿನ್ ಮೇಲೆ ಮಾತ್ರ ನಂಬಿ ಬಿಡಬಾರದು. ಎಂಜಿನ್ ಒಂದು ದಿನ ಚಾಲೂ ಆಗುವುದಿಲ್ಲ, ಆ ದಿನ ಯಾವುದು ಅಂತ ಮೊದಲೇ ತಿಳಿಯುವುದಿಲ್ಲ. ಬಿ ಟೈಪ್ ಅಂತ ಕರೆಯುವ ಸಣ್ಣ ಆಕ್ಸಿಜನ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತದೆ. ಅವ್ವನಿಗೆ ಡಾಕ್ಟರು ಬರೆದುಕೊಟ್ಟದ್ದು ನಿಮಿಷಕ್ಕೆ ಎರಡು ಲೀಟರ್. ಲೆಕ್ಕ ಹಾಕಿದರೆ ಹನ್ನೆರಡು ತಾಸು. ಡಾಕ್ಟರನ್ನು ಕೇಳಿ ಒಂದು ಸಿಲಿಂಡರ್, ಅದರ ರೆಗ್ಯುಲೇಟರ್ ತರಿಸಿ ಮಂಚದ ಪಕ್ಕ ಸರಪಳಿ ಹಾಕಿ ನಿಲ್ಲಿಸಿದರು. ಪೆಟ್ರೋಲ್ ಕ್ಯಾನ್ ಆ ಕೋಣೆಯ ಹತ್ತಿರಕ್ಕೂ ಬರಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದೆ. ಇದಾದ ಮೇಲೆ ನಮಗೆಲ್ಲ ಸ್ವಲ್ಪ ಸಮಾಧಾನವಾಗಿ ಯೋಚನೆ ಮಾಡಲು ಬಂತು.

ಇನ್ನು ಆ ಐದು ಕೆವಿಎ ಎಲ್ಲಿಂದ ಬಂತು ಅಂತ ನೋಡೋಣ. ಮನೆಯ ಪ್ರತಿ ವಸ್ತುವಿನ ಹಿಂದೆ ಅಂಟಿಸಿದ ಪಟ್ಟಿ ಓದಿ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಕಾನ್ಸಂಟ್ರೇಟರ್ 350 ವಾಟ್. ಫ್ರಿಜ್ ನಡೆಯುವಾಗ 150. ಫ್ಯಾನ್ ಎರಡು, ತಲಾ 75. ಎಲ್‌ಇಡಿ ಬಲ್ಬ್ ಆರು, ತಲಾ 9. ಟಿವಿ, ವೈಫೈ ಸೇರಿ 70. ಎಲ್ಲ ಕೂಡಿಸಿದರೆ 775 ವಾಟ್ ಆಸುಪಾಸು. ಒಂದು ಸಾವಿರವೂ ಇಲ್ಲ! ಐದು ಕೆವಿಎ ಬೇಡಿದ್ದು ಕೊನೆಯ ಸಾಲಿನ ಒಂದು ಎಚ್‌ಪಿ ನೀರಿನ ಪಂಪು. ಅದು ನಡೆಯುವಾಗ ಒಂದು ಕಿಲೋವಾಟ್ ತಿಂದರೆ, ಶುರುವಾಗುವ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ಮೋಟಾರಿನ ಸ್ವಭಾವವೇ ಅದು.

"ಕರೆಂಟ್ ಹೋದಾಗ ನೀರು ಏರಿಸಲೇಬೇಕಾ?" ಎಂದು ಕೇಳಿದೆ.

ಉತ್ತರ ಬಂದದ್ದು ಅಡುಗೆಮನೆಯಿಂದ. "ಮ್ಯಾಲಿನ ಟಾಕಿ ಸಾವಿರ ಲೀಟರಿಂದೈತಿ. ಮುಂಜಾನೆ ತುಂಬಿಸಿಟ್ರ ಎರಡು ದಿನ ಬರತೈತಿ."

ಪಂಪು ಪಟ್ಟಿಯಿಂದ ಹೋಯಿತು. ಅದರ ಜೊತೆ ಐದು ಕೆವಿಎ ಕೂಡ ಹೋಯಿತು, ಅದರ ತೂಕ ಹೋಯಿತು, ಅದರ ಸದ್ದೂ ಹೋಯಿತು. ಈ ಇಡೀ ಪ್ರಕರಣದಲ್ಲಿ ಸದ್ದನ್ನು ಎಲ್ಲಕ್ಕಿಂತ ಜಾಸ್ತಿ ಇಳಿಸಿದ್ದು ಆ ಯಮ್ಮನ ಒಂದು ಮಾತು ಅಂತ ನಾನು ಈಗಲೂ ಹೇಳುತ್ತೇನೆ. ಗೀಜರ್, ಇಸ್ತ್ರಿ, ಮಿಕ್ಸಿ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಯೋಗ ಮಾಡೋಣ ಎಂದು ಯಜಮಾನರು ಪರಿಚಯದ ಪೆಂಡಾಲ್‌ನವರಿಂದ ಮೂರು ಕೆವಿಎ ಸಾದಾ ಜನರೇಟರ್ ಒಂದು ರಾತ್ರಿಗೆ ತಂದರು. ಮನೆಗೂ ಪಕ್ಕದ ಮನೆಗೂ ನಡುವೆ ನಾಲ್ಕು ಅಡಿ ಸಂದಿ. ಅಲ್ಲಿ ಇಟ್ಟು ಹಗ್ಗ ಎಳೆದರು. ಸದ್ದು ಎರಡು ಗೋಡೆಗೂ ಬಡಿದು, ಸಂದಿಯೇ ಒಂದು ತಮಟೆಯಾಯಿತು. ನನ್ನ ಫೋನಿನ ಆ್ಯಪ್ ಪಕ್ಕದ ಮನೆ ಕಿಟಕಿ ಹತ್ತಿರ ಸದ್ದನ್ನು 80 ಡೆಸಿಬಲ್ ಮೇಲೆ ತೋರಿಸುತ್ತಿತ್ತು. ಫೋನಿನ ಅಳತೆಯನ್ನು ಪೂರ್ತಿ ನಂಬುವಂತಿಲ್ಲ, ಅಲ್ಲಿಗೂ ಇಲ್ಲಿಗೂ ಹೋಲಿಸಿ ನೋಡಲು ಸಾಕು.

ಅದಕ್ಕಿಂತ ದೊಡ್ಡ ತಮಾಷೆ ಒಳಗೆ ನಡೆಯುತ್ತಿತ್ತು. ಮನೆಯ ಇನ್ವರ್ಟರ್ ಈ ಜನರೇಟರಿನ ಕರೆಂಟನ್ನು ಒಪ್ಪಿಕೊಳ್ಳಲೇ ಇಲ್ಲ. ಒಳಗಿನ ರಿಲೇ, ಅಂದರೆ ತಾನಾಗಿಯೇ ಬದಲಾಗುವ ಸ್ವಿಚ್, ಟಕ್ ಅಂತ ಸೇರುತ್ತದೆ, ಮೇನ್ಸ್ ದೀಪ ಹತ್ತುತ್ತದೆ. ಎರಡು ಸೆಕೆಂಡ್ ಆದ ಮೇಲೆ ಮತ್ತೆ ಟಕ್, ಬ್ಯಾಟರಿಗೆ ವಾಪಸ್. ಟಕ್, ಟಕ್. ಫ್ಯಾನು ಪ್ರತಿ ಸಲ ಒಂದಿಷ್ಟು ಮಂಕಾಗಿ ತಿರುಗುತ್ತದೆ. ಕಾನ್ಸಂಟ್ರೇಟರ್ ಬೀಪ್ ಹೊಡೆಯಲು ಶುರುಮಾಡಿತು. ನಾನು ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಿಂದ ನಾರ್ಮಲ್ ಮೋಡ್‌ಗೆ ಸರಿಸಿದೆ. ಆ ಮೋಡ್‌ನಲ್ಲಿ ಅದು ಇನ್ನಷ್ಟು ಏರಿಳಿತವನ್ನು ಸಹಿಸಿಕೊಳ್ಳುತ್ತದೆ. ಟಕ್ ಟಕ್ ನಿಂತಿತು. ಆದರೆ ಹಾಗೆ ಸಹಿಸಿದ ಏರಿಳಿತವೆಲ್ಲ ನೇರವಾಗಿ ಕಾನ್ಸಂಟ್ರೇಟರಿಗೆ ಹೋಗುತ್ತದಲ್ಲ, ಅದು ನನಗೆ ಬೇಡವಾಯಿತು. ಹತ್ತೇ ನಿಮಿಷಕ್ಕೆ ಬಂದ್ ಮಾಡಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ, ಎಲ್ಲರೂ ಕಾಕು (ಚಿಕ್ಕಮ್ಮ) ಅನ್ನುವವರು, ಹೊರಗೆ ಬಂದಿದ್ದರು. "ಏನ್ರೀ ಇದು, ಹಿಟ್ಟಿನ ಗಿರಣಿ ಹಾಕೀರೇನು? ಹೊಗಿ ಎಲ್ಲಾ ನಮ್ಮ ಮನಿ ಒಳಗ ಬರಾಕತ್ತೈತಿ!"

ಹೊಗೆಯ ಮಾತು ನನ್ನನ್ನು ತಟ್ಟಿತು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದವರು ನಿದ್ದೆಯಲ್ಲೇ ಹೋಗಿಬಿಡಬಹುದು. ಬಾಗಿಲು ಕಿಟಕಿಗಳಿಂದ 20 ಅಡಿಯಾದರೂ ದೂರ ಇರಬೇಕು ಅನ್ನುತ್ತಾರೆ. ನಾವು ನಾಲ್ಕು ಅಡಿ ಸಂದಿಯಲ್ಲಿ, ಶ್ವಾಸಕೋಶದ ಕಾಯಿಲೆಯವರ ಮನೆಗೆ ಅಂಟಿಸಿ ಇಟ್ಟಿದ್ದೆವು. ತಪ್ಪು ನನ್ನದೇ, ಜಾಗ ತೋರಿಸಿದವನು ನಾನು.

ಸಾದಾ ಜನರೇಟರ್ ಅಷ್ಟು ಕೂಗುವುದಕ್ಕೆ ಕಾರಣವಿದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಅದನ್ನು ನೇರವಾಗಿ ಹುಟ್ಟಿಸಬೇಕೆಂದರೆ ಅಂಥ ಸಣ್ಣ ಜನರೇಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ಒಂದು ಬಲ್ಬ್ ಹತ್ತಿದ್ದರೂ 3,000, ಪೂರ್ತಿ ಲೋಡ್ ಇದ್ದರೂ 3,000. ಲೋಡ್ ಹೆಚ್ಚುಕಮ್ಮಿ ಆದಾಗ ವೇಗ ಸ್ವಲ್ಪ ತಪ್ಪಿದರೆ ಹರ್ಟ್ಸ್ ಕೂಡ ತಪ್ಪುತ್ತದೆ. ನಮ್ಮ ರಿಲೇ ಟಕ್ ಟಕ್ ಅಂದದ್ದು ಅದಕ್ಕೇ.

ಇನ್ವರ್ಟರ್ ಜನರೇಟರ್ ಅಂತ ಇನ್ನೊಂದು ಬಗೆ ಇದೆ, ಅದರ ಕೆಲಸ ಬೇರೆ ಥರ. ಎಂಜಿನ್ ಹುಟ್ಟಿಸಿದ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ, ಆಮೇಲೆ ಎಲೆಕ್ಟ್ರಾನಿಕ್ ಸರ್ಕಿಟ್ ಅದರಿಂದ ಶುದ್ಧ 230 ವೋಲ್ಟ್, 50 ಹರ್ಟ್ಸ್ ಕಟ್ಟಿಕೊಡುತ್ತದೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗಿದರೂ ಹೊರಗೆ ಬರುವುದು 50 ಹರ್ಟ್ಸೇ. ಹಾಗಾಗಿ ಲೋಡ್ ಕಮ್ಮಿ ಇದ್ದಾಗ ಎಂಜಿನ್ ನಿಧಾನಕ್ಕೆ ನಡೆಯಬಹುದು. ಮೈಗೆ ಪೂರ್ತಿ ಕವಚ ಬೇರೆ ಇರುತ್ತದೆ. ಸದ್ದು ಇಳಿಯುವುದು ಹೀಗೆ.

ಇಲ್ಲಿ ಹೆಸರಿನದೇ ಒಂದು ಗೊಂದಲ. ನಮ್ಮ ಕಡೆ ಇನ್ವರ್ಟರ್ ಅಂದರೆ ಮೂಲೆಯಲ್ಲಿ ಬ್ಯಾಟರಿ ಜೊತೆ ಕೂತಿರುವ ಡಬ್ಬಿ. ಯಜಮಾನರು ಅಂಗಡಿಗೆ ಹೋಗಿ ಇನ್ವರ್ಟರ್ ಜನರೇಟರ್ ಕೇಳಿದಾಗ ಅಂಗಡಿಯವ ಬ್ಯಾಟರಿಯ ಕ್ಯಾಟಲಾಗ್ ಕೊಟ್ಟು ಕಳಿಸಿದ್ದ. ಎರಡನೇ ಸಲ ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ಎಲ್ಲ ಡಬ್ಬಿಯ ಮೇಲೂ ಸೈಲೆಂಟ್ ಅಂತಲೇ ಬರೆದಿತ್ತು. ಆ ಪದಕ್ಕೆ ಅರ್ಥವೇ ಇಲ್ಲ. ಕೆಳಗಿನ ಸಣ್ಣ ಅಕ್ಷರ ಓದಬೇಕು. ಒಂದರ ಮೇಲೆ 86 ಡೆಸಿಬಲ್, ಇನ್ನೊಂದರ ಮೇಲೆ 61. ಯಜಮಾನರು ತಕ್ಷಣ 61ರ ಕಡೆ ಕೈ ಮಾಡಿದರು. ನಾನು ತಡೆದೆ. 86 ಅನ್ನುವುದು ಯಂತ್ರ ಒಟ್ಟು ಹೊರಹಾಕುವ ಸದ್ದಿನ ಲೆಕ್ಕ. 2003ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಪೆಟ್ರೋಲ್ ಜನರೇಟರಿಗೆ ಇಟ್ಟ ಮಿತಿಯೂ ಅದೇ. 61 ಅನ್ನುವುದು ಏಳು ಮೀಟರ್ ದೂರ ನಿಂತು ಅಳೆದದ್ದು. ತೆರೆದ ಬಯಲಿನಲ್ಲಿ 86ರ ಯಂತ್ರವನ್ನೇ ಏಳು ಮೀಟರ್ ಆಚೆಯಿಂದ ಅಳೆದರೂ ಹೆಚ್ಚುಕಮ್ಮಿ 61ಕ್ಕೇ ಬರುತ್ತದೆ. ಅಂದರೆ ಆ ಎರಡೂ ಡಬ್ಬಿಯ ಸದ್ದು ಒಂದೇ ಇರಬಹುದು! ಯಾವ ಅಳತೆ, ಎಷ್ಟು ದೂರದಿಂದ, ಎಷ್ಟು ಲೋಡ್ ಇದ್ದಾಗ, ಇಷ್ಟನ್ನು ಕೇಳದೆ ಅಂಕಿ ಹೋಲಿಸುವುದು ಸುಮ್ನೆ. ಕಾಲು ಲೋಡಿನ ಸದ್ದನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಪೂರ್ತಿ ಲೋಡಿನದನ್ನು ನುಂಗಿಬಿಡುವವರೂ ಇದ್ದಾರೆ. ವಡಗಾವಿಯ ಓಣಿಯಲ್ಲಿ ಏಳು ಮೀಟರ್ ಅಂದರೆ ಎದುರಿನ ಮನೆಯ ಹಜಾರ ಬಂತು.

ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಕೂಡು ಕಳೆ ಅಲ್ಲ ಅಂತಲೂ ಹೇಳಿದೆ. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟು ಆದರೆ ಆರು ಡೆಸಿಬಲ್ ಇಳಿಯುತ್ತದೆ. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲು 55, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. 45ರೊಳಗೆ ನಡೆಯುವ ಪೆಟ್ರೋಲ್ ಜನರೇಟರನ್ನು ನಾನಂತೂ ನೋಡಿಲ್ಲ. ಈ ಹತ್ತು ಗಂಟೆ ಅನ್ನುವ ಗಡಿ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಡೀಸೆಲ್ ಮಾಡೆಲ್‌ಗಳನ್ನು ನೋಡಲೇ ಇಲ್ಲ. ಕವಚ ಇರುವ ಡೀಸೆಲ್ ಸೆಟ್ಟಿಗೆ ಮಿತಿ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್, ಮತ್ತೆ ಅದನ್ನು ನಾಲ್ಕು ಜನ ಎತ್ತಬೇಕು.

ಕೊನೆಗೆ ಆರಿಸಿದ್ದು ಎರಡು ಕೆವಿಎ ವರ್ಗದ ಇನ್ವರ್ಟರ್ ಜನರೇಟರ್. ಸತತವಾಗಿ ಕೊಡುವುದು 1.8 ಕೆವಿಎ, ತೂಕ ಇಪ್ಪತ್ತು ಕಿಲೋ ಮೇಲೆ ಸ್ವಲ್ಪ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಶೇಕಡ ಮೂರೂವರೆಯಷ್ಟು ಇಳಿಯುತ್ತದೆ, ಗಾಳಿ ತೆಳು ಇರುತ್ತದೆ ನೋಡಿ. ಇಲ್ಲಿ ಶೇಕಡ ಎಂಟೊಂಬತ್ತು ಕಳೆಯಿರಿ. 1.65 ಉಳಿಯಿತು. ನಮ್ಮ 775 ವಾಟಿಗೆ ಬ್ಯಾಟರಿ ಚಾರ್ಜಿಂಗಿನ 250 ಸೇರಿಸಿದರೂ ಸಾವಿರದ ಚಿಲ್ಲರೆ. ಫ್ರಿಜ್ ಶುರುವಾಗುವಾಗಿನ ಎಳೆತಕ್ಕೂ ಜಾಗ ಉಳಿಯುತ್ತದೆ. ಬೆಲೆ ಕೇಳಿ ಯಜಮಾನರ ಮುಖ ಸಪ್ಪಗಾಯಿತು. ಅದೇ ದುಡ್ಡಿಗೆ ದೊಡ್ಡ ಸಾದಾ ಜನರೇಟರೇ ಬರುತ್ತಿತ್ತು. ನಾನೇನೂ ಹೇಳಲಿಲ್ಲ, ಕಾಕುವಿನ ಹಿಟ್ಟಿನ ಗಿರಣಿ ಅವರಿಗೇ ನೆನಪಿತ್ತು.

ಇಡುವುದು ಎಲ್ಲಿ? ಸಂದಿ ಆಗಲ್ಲ. ಮುಂದಿನ ಅಂಗಳದಲ್ಲಿ ಜೋರು ಮಳೆಗೆ ನೀರು ನಿಲ್ಲುತ್ತದೆ. ಉಳಿದದ್ದು ಮಾಳಿಗೆ. ಮೇಲೆ ಜಿನೆಯ (ಮೆಟ್ಟಿಲಿನ) ಕೋಣೆ ಇದೆ, ಅಲ್ಲೇ ಇಟ್ಟರೆ ಮಳೆ ತಾಗುವುದಿಲ್ಲ ಎಂದು ಯಜಮಾನರು ಹೇಳಿದರು. ಖಂಡಿತ ಬೇಡ ಅಂದೆ. ಹೊಗೆ ನೇರ ಜಿನೆ ಇಳಿದು ಅವ್ವನ ಕೋಣೆಗೇ ಬರುತ್ತದೆ. ಮನೆಯ ಹಿಂಭಾಗದಲ್ಲಿ ಒಂದು ಮಗ್ಗದ ಶೆಡ್ಡಿನ ತಗಡಿನ ಚಾವಣಿ ಇದೆ. ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ, ಆ ಕಡೆ ಕಿಟಕಿಗಳೂ ಇಲ್ಲ. ಮಾಳಿಗೆಯ ಆ ಮೂಲೆಯಲ್ಲಿ ನಾಲ್ಕು ಕಂಬ ನಿಲ್ಲಿಸಿ ಮೇಲೆ ಒಂದು ತಗಡು ಹಾಕಿದೆವು. ನಾಲ್ಕೂ ಬದಿ ತೆರೆದೇ ಬಿಟ್ಟೆವು. ಹೊಗೆಯ ಬಾಯಿ ಶೆಡ್ಡಿನ ಕಡೆ.

ಮೊದಲ ದಿನ ಹಚ್ಚಿ ಕೆಳಗೆ ಬಂದು ಕೇಳಿದರೆ, ಗಾಳಿಯಲ್ಲಿ ಬರುವ ಸದ್ದು ಕಮ್ಮಿಯೇ ಇತ್ತು. ಆದರೆ ಅವ್ವನ ಮಂಚದ ಹತ್ತಿರ ಗೋಡೆಗೆ ಕಿವಿ ಇಟ್ಟರೆ ಗುಂಯ್ ಅನ್ನುವ ನಡುಕ. ಸ್ಲ್ಯಾಬ್ ಮೂಲಕ ಇಳಿದು ಬರುತ್ತಿತ್ತು. ಎಮ್ಮೆಯ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇರುತ್ತದಲ್ಲ, ಅದನ್ನು ತರಿಸಿ ಎರಡು ಪದರ ಹಾಸಿದೆ. ಅದರ ಮೇಲೆ ಒಂದು ಸಿಮೆಂಟ್ ಫರ್ಶಿ (ಚಪ್ಪಡಿ), ಫರ್ಶಿಯ ಮೇಲೆ ಜನರೇಟರ್. ನಡುಕ ನಿಂತಿತು. ಈ ಉಪಾಯ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಇನ್ನೊಂದು ಸದ್ದಿನ ಬಗ್ಗೆ ಯಾರೂ ಹೇಳುವುದಿಲ್ಲ. ಲೋಡ್ ಕಮ್ಮಿ ಇದ್ದಾಗ ಎಂಜಿನ್ನನ್ನು ನಿಧಾನ ಮಾಡುವ ಎಕೋ ಸ್ವಿಚ್ ಹಾಕಿದಾಗ ಅದು ಮೆತ್ತಗೆ ಗೊಣಗುತ್ತಿರುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಹತ್ತಿದ ಕೂಡಲೇ ಗುರ್ರ್ ಅಂತ ಏರುತ್ತದೆ, ಆಫ್ ಆದಾಗ ಇಳಿಯುತ್ತದೆ. ಒಂದೇ ಸಮ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಈ ಏರಿಳಿತಕ್ಕೆ ಒಗ್ಗುವುದಿಲ್ಲ. ಒಂಬತ್ತು ಗಂಟೆ ಮೇಲೆ ಫ್ರಿಜ್ಜಿನ ಸ್ವಿಚ್ ಆರಿಸಿಬಿಡಿ ಎಂದೆ. ಬಾಗಿಲು ತೆಗೆಯದಿದ್ದರೆ ನಾಲ್ಕು ತಾಸು ತಂಪು ಎಲ್ಲೂ ಹೋಗುವುದಿಲ್ಲ.

ವೈರಿಂಗ್ ವಿಷಯದಲ್ಲಿ ಒಂದೇ ಮಾತು, ಆದರೆ ಜೀವದ ಮಾತು. ಓಣಿಯ ಒಬ್ಬ ಹಿರಿಯರು ಎರಡೂ ಕಡೆ ಪಿನ್ ಇರುವ ವಯರ್ ಮಾಡಿ ಜನರೇಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಮನೆಯೆಲ್ಲ ಬೆಳಗುತ್ತದೆ ಅಂದರು. ಬೆಳಗುತ್ತದೆ, ನಿಜ. ಮೇನ್ ಆರಿಸಲು ಮರೆತರೆ ಅದೇ ಕರೆಂಟ್ ಹೊರಗಿನ ತಂತಿಗೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಏರಿ, 11 ಸಾವಿರ ವೋಲ್ಟಿನ ಸಾಲಿಗೂ ಮುಟ್ಟಬಹುದು. ಮಳೆಯಲ್ಲಿ ಕಂಬ ಹತ್ತಿ ನಮಗಾಗಿಯೇ ಟೊಂಗೆ ತೆಗೆಯುತ್ತಿರುವ ಹೆಸ್ಕಾಂ ಲೈನ್‌ಮ್ಯಾನ್ ಆ ತಂತಿ ಸತ್ತಿದೆ ಅಂತ ನಂಬಿರುತ್ತಾನೆ. ನಾನು ಚೇಂಜ್‌ಓವರ್ ಸ್ವಿಚ್ ಹಾಕಿದೆ. ಒಂದು ಕಡೆ ಹೆಸ್ಕಾಂ, ಒಂದು ಕಡೆ ಜನರೇಟರ್, ನಡುವೆ ಖಾಲಿ. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಪಂಪು, ಗೀಜರ್ ಈ ಸ್ವಿಚ್ಚಿನ ಆಚೆಗೇ ಉಳಿದವು.

ಇಷ್ಟಾದ ಮೇಲೂ ಅಸಲಿ ಪ್ರಶ್ನೆ ಹಾಗೇ ಇತ್ತು. ರಾತ್ರಿ ಎರಡು ಗಂಟೆಗೆ ಏನು ಮಾಡುವುದು? ಎಲ್ಲರೂ ಮಾಡುವ ಕ್ರಮ ಹೀಗಿರುತ್ತದೆ: ಕರೆಂಟ್ ಹೋಯಿತು, ಬ್ಯಾಟರಿ ನಡೆಯಲಿ, ಬ್ಯಾಟರಿ ಮುಗಿದ ಮೇಲೆ ಜನರೇಟರ್ ಹಚ್ಚೋಣ. ಸಂಜೆ ಏಳಕ್ಕೆ ಹೋದ ಕರೆಂಟಿಗೆ ಬ್ಯಾಟರಿ ಒಂಬತ್ತೂವರೆಗೆ ಮುಗಿಯುತ್ತದೆ. ಆಮೇಲೆ ಇಡೀ ರಾತ್ರಿ ಜನರೇಟರ್. ಓಣಿ ಎಚ್ಚರವಿದ್ದಾಗ ನಾವು ಸುಮ್ಮನಿದ್ದು, ಮಲಗಿದ ಮೇಲೆ ಸದ್ದು ಶುರುಮಾಡುವ ಕ್ರಮ ಇದು!

ಇದನ್ನು ತಿರುಗಿಸಿದೆವು. ಸಂಜೆ ಕರೆಂಟ್ ಹೋದ ಹತ್ತು ನಿಮಿಷಕ್ಕೆ ಜನರೇಟರ್. ಅಡುಗೆ, ಓದು, ಟಿವಿ ಎಲ್ಲ ಅದರ ಮೇಲೆ. ಬ್ಯಾಟರಿ ತುಂಬಿಯೇ ಇರಲಿ. ಹತ್ತಕ್ಕೆ ಜನರೇಟರ್ ಬಂದ್. ಆಮೇಲೆ ತುಂಬಿದ ಬ್ಯಾಟರಿಯ ಮೇಲೆ ಕಾನ್ಸಂಟ್ರೇಟರ್, ಒಂದು ಫ್ಯಾನ್, ಒಂದು ಬಲ್ಬ್ ಮಾತ್ರ, ಅಂದರೆ 434 ವಾಟ್.

ಬ್ಯಾಟರಿಯನ್ನು ನಡುರಾತ್ರಿ ಒಂದು ತಾಸು ಜನರೇಟರ್ ಹಚ್ಚಿ ತುಂಬಿಸಬಹುದಲ್ಲ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಮನೆಯ ಇನ್ವರ್ಟರ್ ತಾಸಿಗೆ 15 ಆಂಪಿಯರ್ ಅವರ್‌ನಷ್ಟು ಮಾತ್ರ ಒಳಗೆ ಬಿಡುತ್ತದೆ. ಮನೆಯಲ್ಲಿದ್ದ 150 ಆಂಪಿಯರ್ ಅವರ್ ಬ್ಯಾಟರಿಗೆ ಅದು ಹತ್ತರಲ್ಲಿ ಒಂದು ಪಾಲು. ಒಂದು ತಾಸು ಸದ್ದು ಮಾಡಿದರೆ ಸಿಗುವುದು ಅರ್ಧ ತಾಸಿಗಿಂತ ಕಮ್ಮಿ. ಜನರೇಟರ್ ಎಷ್ಟು ದೊಡ್ಡದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾಗಿ ದುಡ್ಡು ಹಾಕಬೇಕಾದದ್ದು ಬ್ಯಾಟರಿಗೆ. ಆ ಹಳೆಯ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಹೊಸತಿದ್ದಾಗ ಈ ಲೋಡಿಗೆ ಎರಡೂವರೆ ತಾಸು ಬರುತ್ತಿತ್ತು, ಈಗ ಒಂದೂವರೆಗೆ ಬಂದಿತ್ತು. 200 ಆಂಪಿಯರ್ ಅವರ್‌ನ ಹೊಸ ಟ್ಯೂಬುಲರ್ ಬ್ಯಾಟರಿ ಹಾಕಿದೆವು. ನಷ್ಟವೆಲ್ಲ ಕಳೆದು ಸುಮಾರು 1,500 ವಾಟ್ ಅವರ್ ಸಿಗುತ್ತದೆ, ಅಂದರೆ ಮೂರೂವರೆ ತಾಸು. ಹತ್ತರಿಂದ ಒಂದೂವರೆವರೆಗೆ ಯಾವ ಸದ್ದೂ ಇಲ್ಲ. ಅದಾದ ಮೇಲೂ ಕರೆಂಟ್ ಬರದಿದ್ದರೆ ಸಿಲಿಂಡರ್. ಅದಕ್ಕೂ ಸದ್ದಿಲ್ಲ. ಇಡೀ ಓಣಿಯಲ್ಲಿ ಯಾರಿಗೂ ನಿದ್ದೆಗೆಡುವ ಕಾರಣವಿಲ್ಲ.

ಜುಲೈಯಲ್ಲಿ ಒಂದು ರಾತ್ರಿ ಇದೆಲ್ಲ ಪರೀಕ್ಷೆಗೆ ಬಂತು. ನೋಟ್‌ಬುಕ್ಕಿನಲ್ಲಿ ಮಗಳು ಬರೆದದ್ದು ಹೀಗಿದೆ: 6:50 ಕರೆಂಟ್ ಹೋಯಿತು. 7:00 ಜನರೇಟರ್. 10:00 ಬಂದ್, ಪೆಟ್ರೋಲ್ ಎರಡು ಲೀಟರ್. 1:20 ಬ್ಯಾಟರಿ ಬೀಪ್, ಸಿಲಿಂಡರ್ ಹಚ್ಚಿದೆವು. 3:05 ಕರೆಂಟ್ ಬಂತು. ಎರಡು ಲೀಟರ್ ಪೆಟ್ರೋಲ್ ಅಂದರೆ 200 ರೂಪಾಯಿ ಮೇಲೆ, ಸಿಕ್ಕದ್ದು ಮೂರು ಯೂನಿಟ್. ಹೆಸ್ಕಾಂ ಬಿಲ್ಲಿನ ದರದ ಹತ್ತು ಪಟ್ಟು ಬಿತ್ತು. ಇದನ್ನು ದಿನಾ ನಡೆಸುತ್ತೇನೆ ಅನ್ನುವವರು ಬೇರೆ ದಾರಿ ನೋಡಬೇಕು.

ಕಾಕುವಿನ ಮನೆಗೆ ಒಂದು ವಯರ್ ಎಳೆಯೋಣ ಎಂದು ಯಜಮಾನರು ಹೇಳಿದ್ದರು, ಮನೆಯಿಂದ ಮನೆಗೆ ಕರೆಂಟ್ ಎಳೆಯುವುದು ಬೇಡ ಎಂದೆ. ಬದಲಿಗೆ ಅವರ ಎಮರ್ಜೆನ್ಸಿ ಲೈಟು, ಎರಡು ಫೋನು ಸಂಜೆ ಇವರ ಹಜಾರದಲ್ಲಿ ಚಾರ್ಜ್ ಆಗುತ್ತವೆ. ಅಲ್ಲಿಂದ ಮುಂದೆ ಕಾಕು ಸದ್ದಿನ ಸುದ್ದಿ ಎತ್ತಿಲ್ಲ. ನನ್ನ ಆ್ಯಪ್‌ನಲ್ಲಿ ಇದು ಎಷ್ಟು ಡೆಸಿಬಲ್ ಇಳಿಯಿತೋ ಕಾಣುವುದಿಲ್ಲ.

ಬಗೆಹರಿಯದೆ ಉಳಿದದ್ದು ಒಂದು. ಈ ಯಂತ್ರಕ್ಕೆ ಸೆಲ್ಫ್ ಇಲ್ಲ, ಹಗ್ಗ ಎಳೆದೇ ಹಚ್ಚಬೇಕು. ಯಜಮಾನರು ರಾತ್ರಿ ಶಿಫ್ಟಿಗೆ ಹೋದಾಗ ಎಳೆಯುವವರು ಯಾರು ಅಂತ ಖರೀದಿ ಮಾಡುವಾಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅವರ ಹೆಂಡತಿಗೆ ಹೆಗಲು ನೋವು, ಎರಡು ಸಲ ಎಳೆದು ಬಿಟ್ಟರು. ಈಗ ತಿಂಗಳ ಮೊದಲ ಭಾನುವಾರ ಮಗಳು ಮಾಳಿಗೆ ಹತ್ತಿ, ಎಣ್ಣೆ ನೋಡಿ, ಚೋಕ್ ಎಳೆದು, ಹಗ್ಗ ಎಳೆಯುತ್ತಾಳೆ. ಹದಿನೈದು ನಿಮಿಷ ಫ್ಯಾನ್, ಫ್ರಿಜ್ ಲೋಡಿನ ಮೇಲೆ ನಡೆಸುತ್ತಾಳೆ. ಮಳೆಗಾಲ ಮುಗಿದ ಮೇಲೆ ಕಾರ್ಬ್ಯುರೇಟರಿನ ಪೆಟ್ರೋಲ್ ಪೂರ್ತಿ ಇಳಿಸಲು ಕಲಿಸಿದ್ದೇನೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ, ತಿಂಗಳುಗಟ್ಟಲೆ ನಿಂತರೆ ನೀರು ಹೀರಿ ಒಳಗೆ ಅಂಟು ಕಟ್ಟುತ್ತದೆ. ಮೊನ್ನೆ ಹೋದಾಗ ಮೂರನೇ ಎಳೆತಕ್ಕೆ ಹತ್ತಿತು. ಮುಂದಿನ ವರ್ಷ ಅವಳು ಕಾಲೇಜಿಗೆ ಹುಬ್ಬಳ್ಳಿಗೆ ಹೋಗುತ್ತಾಳಂತೆ.